ಪುಟಿಯದ ಚೆಂಡು, ಉಬ್ಬಿದ ನಾನು

ಸತ್ತ ಟೆನಿಸ್ ಚೆಂಡುಗಳಿಗೆ ಮರುಜೀವ ಕೊಟ್ಟೇ ತೀರುತ್ತೇನೆ ಎಂದು ನಾನು ಶಪಥ ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ, ನೆಟ್ಟಿನ ಪಕ್ಕ ನಿಂತು, ರಾಕೆಟ್ಟನ್ನು ಗದೆಯಂತೆ ಹೆಗಲಿಗೇರಿಸಿಕೊಂಡು. ಆ ಗಳಿಗೆಯಲ್ಲಿ ನಾನು ನೋಡಲು ಯುದ್ಧ ಗೆದ್ದ ವೀರನಂತಿದ್ದೆ ಎಂದು ನನ್ನ ನಂಬಿಕೆ. ನನ್ನ ಹೆಂಡತಿಯ ಪ್ರಕಾರ, ಬಸ್ಸು ತಪ್ಪಿಸಿಕೊಂಡವನಂತಿದ್ದೆ.

ಶಪಥಕ್ಕೆ ಕಾರಣ ಪಕ್ಕದ ಮನೆಯ ಬ್ಯಾಂಕ್ ಮ್ಯಾನೇಜರು. ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಒಂದು ಟೆನಿಸ್ ಕೋರ್ಟಿದೆ. ಪ್ರತಿ ಭಾನುವಾರ ಅಲ್ಲಿ ನಾನೂ ನನ್ನ ಹೆಂಡತಿಯೂ ಒಂದು ಕಡೆ, ಮ್ಯಾನೇಜರೂ ಅವರ ಶ್ರೀಮತಿಯೂ ಇನ್ನೊಂದು ಕಡೆ. ಕೆಲವು ತಿಂಗಳಿಂದ ಗೆಲುವು ಬಿಡದೆ ನಮ್ಮನ್ನೇ ಹಿಂಬಾಲಿಸುತ್ತಿತ್ತು. ನನ್ನ ಹೆಂಡತಿ ಕಾಲೇಜಿನಲ್ಲಿ ಟೆನಿಸ್ ಚಾಂಪಿಯನ್ ಆಗಿದ್ದವಳು ಎಂಬುದು ನಿಜ. ಆದರೆ ನಾನು ಕೂಡ ಆಟಕ್ಕೆ ಇಳಿದ ಮೇಲೆ ಒಳ್ಳೆಯ ಆಟಗಾರನೆಂದು ನನಗೇ ಗೊತ್ತಾಗಿತ್ತು. ಚೆಂಡು ನನ್ನ ಕಡೆ ಬರುವುದನ್ನು ಕಾದು, ಅದು ಬಿದ್ದು ಎದ್ದು ಸೊಂಟದ ಮಟ್ಟಕ್ಕೆ ಬಂದು ನಿಂತಾಗ, ಅದರ ಕುಶಲ ವಿಚಾರಿಸಿ ಹೊಡೆಯುವಷ್ಟು ಸಮಯ ನನಗೆ ಸಿಗುತ್ತಿತ್ತು. ಇದನ್ನು ನಾನು ನನ್ನ ಪ್ರತಿಭೆ ಎಂದು ತಿಳಿದಿದ್ದೆ.

ಆ ಭಾನುವಾರ ಸೋತ ಮ್ಯಾನೇಜರು ಚೆಂಡನ್ನು ಎತ್ತಿಕೊಂಡು ಹಣ್ಣು ಹಿಚುಕಿ ನೋಡುವವರ ಹಾಗೆ ಹಿಚುಕಿದರು.

“ಇಂಜಿನಿಯರ್ರೇ, ನಿಮ್ಮ ಚೆಂಡು ಪುಟಿಯೋದೇ ಇಲ್ಲ. ಬಿದ್ದಲ್ಲೇ ಕೂತ್ಕೊಂಡು ಕಾಫಿ ಕೇಳುತ್ತೆ. ಇಂಥದ್ರಲ್ಲಿ ಗೆದ್ದು ಏನು ಬಂತು?”

“ಸೋತವರ ಕಣ್ಣು ಯಾವಾಗ್ಲೂ ಚೆಂಡಿನ ಮೇಲೇ” ಎಂದೆ.

“ಹಾಗಿದ್ರೆ ಮುಂದಿನ ಭಾನುವಾರ ಪುಟಿಯೋ ಚೆಂಡಲ್ಲಿ ಆಡಿ. ನೋಡೇಬಿಡೋಣ.”

“ಹೊಸಾದು ತಂದ್ರಾಯ್ತಪ್ಪ, ಅದಕ್ಕೆ ಯಾಕೆ ಜಗಳ” ಎಂದರು ಅವರ ಶ್ರೀಮತಿ.

ಆಗಲೇ ನನ್ನ ಶಪಥ ಹೊರಬಿದ್ದಿದ್ದು. ಹೊಸ ಚೆಂಡನ್ನು ಯಾರು ಬೇಕಾದರೂ ಕೊಳ್ಳಬಹುದು. ಹಳೆಯದಕ್ಕೆ ಜೀವ ತುಂಬುವವನೇ ನಿಜವಾದ ಇಂಜಿನಿಯರ್. ಇದೇ ಆರು ಚೆಂಡುಗಳು ಮುಂದಿನ ಭಾನುವಾರ ಆಕಾಶ ಮುಟ್ಟದಿದ್ದರೆ ನಾನು ರಾಕೆಟ್ ಮುಟ್ಟುವುದಿಲ್ಲ ಎಂದು ಸಾರಿದೆ.

ಮೆಟ್ಟಿಲು ಹತ್ತುವಾಗ ನನ್ನ ಹೆಂಡತಿ ಯಾಕೋ ಗಂಭೀರವಾಗಿದ್ದಳು.

“ಅವರೇನೋ ಹೇಳಿದ್ರು ಅಂತ ನೀವ್ಯಾಕೆ ತಲೆಗೆ ಹಚ್ಕೋತೀರಾ? ಚೆಂಡು ಹೀಗೇ ಇರ್ಲಿ ಬಿಡಿ. ನಂಗಂತೂ ಹೀಗೇ ಇಷ್ಟ.”

“ನಿನಗೆ ಚೆಂಡಿನ ಒಳಗಿನ ವಿಷಯ ಗೊತ್ತಿಲ್ಲ.”

“ಗೊತ್ತಿಲ್ಲ ಅಂತಾನೇ ಇಟ್ಕೊಳ್ಳಿ” ಎಂದಳು.

ಚೆಂಡಿನ ಒಳಗಿನ ವಿಷಯ ಇಷ್ಟೇ. ಹೊಸ ಟೆನಿಸ್ ಚೆಂಡಿನ ಹೊಟ್ಟೆಯಲ್ಲಿ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ದಿನ ಕಳೆದಂತೆ ಅದು ರಬ್ಬರಿನ ಮೂಲಕ ಒಂದಿಷ್ಟೊಂದಿಷ್ಟೇ ಹೊರಗೆ ಜಾರುತ್ತದೆ. ಅಂದರೆ ಸೋರಿಕೆ. ಮತ್ತು ಸೋರಿಕೆ ಎಂದರೆ ನಾನು. ನಗರದ ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ಪತ್ತೆ ವಿಭಾಗದ ಮುಖ್ಯಸ್ಥನೇ ನಾನು. ರಸ್ತೆಯ ಮೇಲೆ ಕಬ್ಬಿಣದ ಕೋಲೊಂದನ್ನು ಊರಿ, ಅದರ ತುದಿಗೆ ಕಿವಿಯಿಟ್ಟು, ನೆಲದಡಿಯ ಪೈಪು ಎಲ್ಲಿ ಒಡೆದಿದೆ ಎಂದು ಹೇಳುವುದು ನನ್ನ ಕಸುಬು. ಒತ್ತಡದ ಬಗ್ಗೆಯೂ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಚೇರಿಯಲ್ಲಿ ದಿನವೂ ಅನುಭವಿಸುತ್ತೇನೆ.

ಮೊದಲ ಪ್ರಯೋಗ ಸೋಮವಾರ ಬೆಳಿಗ್ಗೆ ನಡೆಯಿತು. ಹೆಂಡತಿ ಆಸ್ಪತ್ರೆಗೆ ಹೊರಟುಹೋಗಿದ್ದಳು. ಅವಳು ಅಲ್ಲಿ ಫಿಸಿಯೋಥೆರಪಿಸ್ಟ್, ಅಂದರೆ ಮುರಿದು ಕೂಡಿಕೊಂಡ ಕೈಕಾಲುಗಳಿಗೆ ಮತ್ತೆ ಕೆಲಸ ಕಲಿಸುವವಳು. ಮನೆಯಲ್ಲಿದ್ದವರು ನಾನು ಮತ್ತು ಅತ್ತೆ. ಅತ್ತೆ ಎಂದರೆ ಹೆಂಡತಿಯ ತಾಯಿ, ನಮ್ಮ ಜೊತೆಯಲ್ಲೇ ಇರುವವರು. ಬೆಳಗಿನ ಹೊತ್ತೆಲ್ಲ ಪತ್ರಿಕೆಯ ಪದಬಂಧ ಬಿಡಿಸುವುದು ಅವರ ವಾಡಿಕೆ.

ಬಿಸಿಯಾದ ಗಾಳಿ ಹಿಗ್ಗುತ್ತದೆ ಎಂಬ ಶಾಲಾ ಪಾಠವನ್ನು ನೆನೆದು ನಾನು ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಆರೂ ಚೆಂಡುಗಳನ್ನು ಹಾಕಿ ಕುದಿಸಿದೆ. ವಾಸನೆ ಹಿಡಿದು ಅಡುಗೆಮನೆಗೆ ಬಂದ ಅತ್ತೆ ಮುಚ್ಚಳ ತೆಗೆದರು. ಒಳಗೆ ಕೂದಲಿರುವ ಹಳದಿ ಉಂಡೆಗಳು ಒಂದನ್ನೊಂದು ತಳ್ಳಿಕೊಂಡು ತೇಲುತ್ತಿದ್ದವು. ಅತ್ತೆ ಬಹಳ ಹೊತ್ತು ನೋಡಿದರು.

“ಅಳಿಯಂದಿರೇ, ಇದು ಬೆಂದಿದೆಯಾ ಇಲ್ವಾ ಅಂತ ಹೇಗೆ ನೋಡೋದು? ಫೋರ್ಕಲ್ಲಿ ಚುಚ್ಚಲಾ?”

ನಾನು ಇಕ್ಕಳದಿಂದ ಒಂದು ಚೆಂಡನ್ನೆತ್ತಿ ನೆಲಕ್ಕೆ ಹಾಕಿದೆ. ಬಿಸಿ ನೀರು ಸಿಡಿಸುತ್ತ ಅದು ನನ್ನ ಎದೆಯೆತ್ತರಕ್ಕೆ ಚಿಮ್ಮಿತು.

“ನೋಡಿದ್ರಾ ಅತ್ತೆ?”

“ನೋಡ್ದೆ. ಭಾನುವಾರ ಒಲೇನೂ ಕೋರ್ಟಿಗೆ ಹೊತ್ಕೊಂಡು ಹೋಗ್ತೀರಾ?”

ಪ್ರಶ್ನೆಯ ತೂಕ ಗೊತ್ತಾಗಿದ್ದು ಚೆಂಡು ಆರಿದ ಮೇಲೆ. ಆರಿದ ಚೆಂಡುಗಳು ಮೊದಲಿಗಿಂತ ಹೆಚ್ಚು ಸೋಮಾರಿಗಳಾಗಿದ್ದವು. ಮೇಲೆ ಒದ್ದೆ ಬೇರೆ. ಅವನ್ನು ನನ್ನ ಕಾಲುಚೀಲಗಳೊಳಗೆ ಇಳಿಬಿಟ್ಟು ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ಪು ಹಾಕಿದೆ. ಸಂಜೆ ಹೆಂಡತಿ ಬಾಗಿಲಲ್ಲೇ ನಿಂತು ಮೂಗೇರಿಸಿದಳು.

“ಮನೇಲಿ ಯಾವುದಾದ್ರೂ ಕುರಿ ಸ್ನಾನ ಮಾಡ್ತಾ?”

ಎರಡನೆಯ ಪ್ರಯೋಗವನ್ನು ವಿವರಿಸಲು ನನಗೆ ಮನಸ್ಸಿಲ್ಲ. ಫುಟ್‌ಬಾಲಿಗೆ ಗಾಳಿ ತುಂಬುವ ಸೂಜಿಯಿಂದ ಒಂದು ಚೆಂಡನ್ನು ಚುಚ್ಚಿ, ಪಂಪು ಹೊಡೆದು, ಸೂಜಿ ತೆಗೆದ ಕೂಡಲೇ ತೂತಿಗೆ ಗಟ್ಟಿ ಅಂಟು ಹಚ್ಚಿ ಅಂಗೈಯಿಂದ ಒತ್ತಿ ಹಿಡಿಯುವುದು ನನ್ನ ಯೋಜನೆ. ಯೋಜನೆ ಎಷ್ಟು ಯಶಸ್ವಿಯಾಯಿತೆಂದರೆ ಚೆಂಡು ನನ್ನ ಅಂಗೈಯನ್ನು ಬಿಡಲೇ ಇಲ್ಲ. ಆದರೆ ಗಾಳಿ ಮಾತ್ರ ಬೆರಳ ಸಂದಿಯಿಂದ ಸಿಳ್ಳೆ ಹಾಕುತ್ತ ಹೊರಟುಹೋಯಿತು. ಕಚೇರಿಗೆ ರಜೆ ಹಾಕಿ, ಎಡಗೈಯಲ್ಲಿ ಊಟ ಮಾಡಿ, ಹೆಂಡತಿ ಬರುವವರೆಗೆ ಚೆಂಡಿನೊಂದಿಗೆ ಕೈಕುಲುಕುತ್ತ ಕುಳಿತಿದ್ದೆ. ಅವಳು ಬಂದವಳೇ ಬಿಸಿ ಸೋಪುನೀರಲ್ಲಿ ನನ್ನ ಕೈ ಅದ್ದಿ, ಬೆರಳೊಂದೊಂದನ್ನೇ ಬಿಡಿಸಿದಳು.

“ಇನ್ಮೇಲೆ ಈ ಮನೇಲಿ ಚೆಂಡಿನ ಮಾತೆತ್ತಬೇಡಿ.”

“ಎತ್ತಲ್ಲ” ಎಂದೆ. ಮಾತೆತ್ತುವುದಿಲ್ಲ ಎಂದೆನೇ ಹೊರತು ಕೆಲಸ ಬಿಡುತ್ತೇನೆ ಎನ್ನಲಿಲ್ಲ.

ಆ ಅವಮಾನದ ನಡುವೆ ನನಗೆ ಜ್ಞಾನೋದಯವಾಗಿತ್ತು. ಚೆಂಡಿನ ಒಳಗೆ ಗಾಳಿ ತುಂಬಲು ಹೋಗಿದ್ದೇ ತಪ್ಪು. ಚೆಂಡನ್ನು ಗಾಳಿಯ ಒಳಗೆ ಇಡಬೇಕು. ಗಟ್ಟಿಯಾದ ಪೈಪಿನಲ್ಲಿ ಚೆಂಡುಗಳನ್ನು ಕೂಡಿಹಾಕಿ, ಸುತ್ತ ಗಾಳಿಯ ಒತ್ತಡ ಏರಿಸಿದರೆ, ಬಂದ ದಾರಿಯಲ್ಲೇ ಗಾಳಿ ತಿರುಗಿ ಒಳಹೋಗಲೇಬೇಕು. ನಾನು ಹಾರ್ಡ್‌ವೇರ್ ಅಂಗಡಿಯಿಂದ ಮೊಣಕೈಯುದ್ದದ ದಪ್ಪ ಕಬ್ಬಿಣದ ಪೈಪು, ಎರಡೂ ತುದಿಗೆ ತಿರುಗಿಸಿ ಹಾಕುವ ಮುಚ್ಚಳ, ಕಾರಿನ ಟೈರಿನ ವಾಲ್ವು ತಂದೆ. ಕಚೇರಿಯ ಫಿಟ್ಟರ್ ಒಂದು ಮುಚ್ಚಳಕ್ಕೆ ತೂತು ಕೊರೆದು ವಾಲ್ವು ಕೂರಿಸಿಕೊಟ್ಟ. ಕೊಡುವಾಗ ಆಚೀಚೆ ನೋಡಿ ದನಿ ತಗ್ಗಿಸಿ ಕೇಳಿದ.

“ಸಾರ್, ಇದನ್ನ ಯಾರ ಮನೆಗೆ ಇಡೋದು?”

“ನಮ್ಮನೇಲೇ.”

“ಮೇಡಂ ಜೊತೆ ಒಂದ್ಸಲ ಕೂತು ಮಾತಾಡಿ ಸಾರ್. ಎಲ್ಲಾ ಸರಿಹೋಗುತ್ತೆ.”

ಮನೆಗೆ ತಂದು ಉಳಿದ ಐದು ಚೆಂಡುಗಳನ್ನು ಒಳಗಿಳಿಸಿ, ಮುಚ್ಚಳ ಬಿಗಿದು, ಸೈಕಲ್ ಪಂಪಿನಿಂದ ಗಾಳಿ ಹೊಡೆಯತೊಡಗಿದೆ. ಅತ್ತೆ ಬಾಗಿಲಲ್ಲಿ ಕಾಣಿಸಿಕೊಂಡರು.

“ಸೈಕಲ್ ಎಲ್ಲಿ?”

“ಸೈಕಲ್ ಇಲ್ಲ ಅತ್ತೆ.”

“ಮತ್ತೆ ಇಷ್ಟೊತ್ತು ಹೊಡೆದ ಗಾಳಿ ಎಲ್ಲಿಗೆ ಹೋಯ್ತು?”

ವಿಧಿಯಿಲ್ಲದೆ ಎಲ್ಲವನ್ನೂ ಹೇಳಿದೆ. ಮಗಳಿಗೆ ತಿಳಿಸಬಾರದೆಂದು ಬೇಡಿಕೊಂಡೆ.

“ನಾನಾಗಿ ಹೇಳಲ್ಲ. ಯಾರಾದ್ರೂ ಕೇಳಿದ್ರೆ ಸುಳ್ಳು ಹೇಳಲ್ಲ” ಎಂದು ಅತ್ತೆ ಪದಬಂಧಕ್ಕೆ ಮರಳಿದರು.

ಪೈಪನ್ನು ಕಂಬಳಿಯಲ್ಲಿ ಸುತ್ತಿ ಮಲಗುವ ಕೋಣೆಯ ಮಂಚದ ಹಿಂದೆ, ಗೋಡೆಗೆ ಆನಿಸಿ ನಿಲ್ಲಿಸಿದೆ. ಶುಕ್ರವಾರದವರೆಗೆ ಅದು ಯೋಗಿಯಂತೆ ಮೌನವಾಗಿತ್ತು. ನಾನು ದಿನಕ್ಕೊಮ್ಮೆ ಹೋಗಿ ತಟ್ಟಿ ಬರುತ್ತಿದ್ದೆ. ಶನಿವಾರ ಬೆಳಿಗ್ಗೆ ಹೆಂಡತಿ ಆಸ್ಪತ್ರೆಗೆ ಹೋದ ಮೇಲೆ ಮ್ಯಾನೇಜರ ಮುಖ ಕಣ್ಣೆದುರು ಬಂತು. ಇಷ್ಟು ಗಾಳಿಗೇ ಚೆಂಡು ಪುಟಿಯುವುದಾದರೆ ಇನ್ನಷ್ಟು ಗಾಳಿಗೆ ಇನ್ನೆಷ್ಟು ಪುಟಿಯಬೇಡ ಎಂಬ ದುರಾಸೆ ಹುಟ್ಟಿತು. ಮತ್ತೆ ಪಂಪು ಜೋಡಿಸಿ, ತೋಳು ಸೋಲುವವರೆಗೆ ಹೊಡೆದು, ಕಂಬಳಿ ಹೊದಿಸಿ, ತೃಪ್ತನಾಗಿ ಹೊರಬಂದು ಪತ್ರಿಕೆ ಹಿಡಿದೆ.

ಸ್ವಲ್ಪ ಹೊತ್ತಿಗೆ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಮ್ಯಾನೇಜರ ಶ್ರೀಮತಿ, ಕೈಯಲ್ಲಿ ಸೌಟು.

“ನಮ್ಮ ಅಡುಗೆಮನೇಲಿ ಏನೋ ಸುಯ್ ಅಂತಿದೆ. ಗ್ಯಾಸ್ ಆಫ್ ಮಾಡಿದೆ, ಆದ್ರೂ ನಿಲ್ತಿಲ್ಲ. ಇವ್ರು ಸ್ನಾನಕ್ಕೆ ಹೋಗಿದ್ದಾರೆ. ನೀವು ಸೋರಿಕೆ ವಿಷಯದಲ್ಲಿ ಎಕ್ಸ್‌ಪರ್ಟ್ ಅಲ್ವಾ, ಒಂಚೂರು ಬಂದು ನೋಡ್ತೀರಾ?”

ಕೇಳುತ್ತಿರುವುದು ಯಾರ ಮನೆಯವರು? ನನ್ನ ಚೆಂಡನ್ನು ಹಿಚುಕಿದವರ ಮನೆಯವರು. ನನ್ನ ಎದೆ ಎರಡು ಇಂಚು ಅಗಲವಾಯಿತು. ಕಚೇರಿಯ ಕಬ್ಬಿಣದ ಕೋಲು ಮನೆಯಲ್ಲೇ ಇತ್ತು. ಅದನ್ನು ಹಿಡಿದು, ವೈದ್ಯರು ರೋಗಿಯ ಕೋಣೆ ಪ್ರವೇಶಿಸುವ ಠೀವಿಯಲ್ಲಿ ಅವರ ಅಡುಗೆಮನೆ ಪ್ರವೇಶಿಸಿದೆ. ಕೋಲಿನ ಒಂದು ತುದಿ ಗೋಡೆಗೆ, ಇನ್ನೊಂದು ತುದಿ ಕಿವಿಗೆ. ಕಣ್ಣು ಮುಚ್ಚಿದೆ. ಸುಯ್ ಎಂಬ ಸದ್ದು ಸ್ಪಷ್ಟವಾಗಿ ಕೇಳಿತು.

“ಇಲ್ಲೇ. ಈ ಗೋಡೆಯಲ್ಲೇ. ಗ್ಯಾಸಿನ ಪೈಪು ಸೋರ್ತಿದೆ” ಎಂದೆ.

ಆ ಗೋಡೆಯ ಆಚೆ ಬದಿಯಲ್ಲಿ ಯಾರ ಮಲಗುವ ಕೋಣೆಯಿದೆ, ಅಲ್ಲಿ ಮಂಚದ ಹಿಂದೆ ಏನಿದೆ ಎಂದು ನಿಮಗೆ ಈಗಾಗಲೇ ಹೊಳೆದಿದೆ. ನನಗೆ ಹೊಳೆಯಲಿಲ್ಲ. ಊರಿನ ಪೈಪುಗಳೆಲ್ಲ ಸೋರಬಹುದು, ನಾನು ಬಿಗಿದ ಮುಚ್ಚಳ ಸೋರುತ್ತದೆ ಎಂಬುದು ನನ್ನ ತಲೆಯೊಳಗೆ ಬರಲು ದಾರಿಯೇ ಇರಲಿಲ್ಲ.

“ಆದ್ರೆ ಗ್ಯಾಸಿನ ವಾಸನೆ ಬರ್ತಿಲ್ವಲ್ಲ?” ಎಂದರು ಶ್ರೀಮತಿ.

“ವಾಸನೆ ಬರದ ಸೋರಿಕೇನೇ ಜಾಸ್ತಿ ಅಪಾಯ” ಎಂದೆ. ಇದನ್ನು ನಾನು ಎಲ್ಲೂ ಓದಿರಲಿಲ್ಲ. ಬಾಯಿಗೆ ಬಂತು, ಕೇಳಲು ಚೆನ್ನಾಗಿತ್ತು.

ಅಲ್ಲಿಂದ ಮುಂದೆ ಎಲ್ಲವೂ ನನ್ನ ನೇತೃತ್ವದಲ್ಲಿ ನಡೆಯಿತು. ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದೆ. ಬಚ್ಚಲುಮನೆಯ ಬಾಗಿಲು ಬಡಿದೆ.

“ಮ್ಯಾನೇಜರ್ರೇ, ತಕ್ಷಣ ಹೊರಗೆ ಬನ್ನಿ.”

“ತಲೆ ತುಂಬಾ ಸೋಪಿದೆ ರೀ.”

“ಸೋಪಿದ್ರೂ ಪರವಾಗಿಲ್ಲ. ಮೊದಲು ತಲೆ ಉಳೀಲಿ.”

ಮ್ಯಾನೇಜರು ಟವೆಲ್ಲು ಸುತ್ತಿಕೊಂಡು, ತಲೆಯ ಮೇಲೆ ನೊರೆಯ ಕಿರೀಟ ಹೊತ್ತು, ಬರಿಗಾಲಲ್ಲಿ ಹೊರಬಂದರು. ನಾನು ಮಹಡಿ ಮಹಡಿಗೂ ಓಡಿ ಬಾಗಿಲು ಬಡಿದೆ. ಲಿಫ್ಟ್ ಬೇಡ, ಸ್ವಿಚ್ಚು ಮುಟ್ಟಬೇಡಿ, ಬೆಂಕಿಕಡ್ಡಿ ಗೀರಬೇಡಿ ಎಂದು ಕೂಗುತ್ತ ಎಲ್ಲರನ್ನೂ ಮೆಟ್ಟಿಲಿಳಿಸಿದೆ. ಮೇಲಿನ ಮನೆಯ ಟೈಲರಮ್ಮ ಅರ್ಧ ಹೊಲಿದ ಕೋಟನ್ನು ಎದೆಗವಚಿಕೊಂಡು ಇಳಿದರು. ಕೆಳಗಿನ ಮನೆಯ ವಕೀಲರು ಒಂದೇ ಕೆನ್ನೆ ಬೋಳಿಸಿಕೊಂಡು ಬಂದು, ಬೋಳಿಸದ ಕೆನ್ನೆಯನ್ನು ಫೈಲಿನಿಂದ ಮರೆಮಾಡಿಕೊಂಡರು.

ನಮ್ಮ ಮನೆಯಿಂದ ಅತ್ತೆ ಪದಬಂಧದೊಂದಿಗೆ ನಿಧಾನವಾಗಿ ಹೊರಟರು.

“ಅಳಿಯಂದಿರೇ, ಒಂದು ಮಾತು...”

“ಕೆಳಗೆ ಹೋಗಿ ಹೇಳಿ ಅತ್ತೆ.”

ಅಂಗಳದಲ್ಲಿ ಅವರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದೆ.

“ಆ ಮಾತು...”

“ಫೈರ್ ಇಂಜಿನ್ ಬರೋ ಹೊತ್ತಾಯ್ತು ಅತ್ತೆ. ಆಮೇಲೆ.”

“ಆಗ್ಲಿ. ನಾನಾಗಿ ಹೇಳಲ್ಲ ಅಂತ ಮಾತು ಕೊಟ್ಟಿದ್ದೂ ಇದೆ” ಎಂದು ಅವರು ಪೆನ್ನಿನ ಕ್ಯಾಪು ತೆಗೆದರು.

ಫೈರ್ ಇಂಜಿನ್ ಗಂಟೆ ಬಾರಿಸುತ್ತ ಗೇಟಿನೊಳಗೆ ಬಂತು. ಅಗಲವಾದ ಭುಜದ ಅಧಿಕಾರಿಯೊಬ್ಬರು ಕೆಳಗೆ ಧುಮುಕಿದರು.

“ಫೋನ್ ಮಾಡಿದ್ದು ಯಾರು?”

“ನಾನು. ಸೋರಿಕೆ ಪತ್ತೆ ವಿಭಾಗದ ಮುಖ್ಯಸ್ಥ.”

“ಓ, ಹಾಗಾದ್ರೆ ನೀವೇ ತೋರಿಸಿ ಸಾರ್” ಎಂದು ಅವರು ಬದಿಗೆ ಸರಿದು ನನಗೆ ದಾರಿ ಬಿಟ್ಟರು. ಇಡೀ ಅಪಾರ್ಟ್‌ಮೆಂಟು ನೋಡುತ್ತಿತ್ತು. ನೊರೆ ಮೆತ್ತಿಕೊಂಡ ಮ್ಯಾನೇಜರು ಕೂಡ ಕೃತಜ್ಞತೆಯಿಂದ ನನ್ನ ಕಡೆ ತಲೆಯಾಡಿಸಿದರು. ನನ್ನ ಬಾಳಿನ ಅತ್ಯುನ್ನತ ಗಳಿಗೆ ಅದು. ಆಮೇಲಿನದೆಲ್ಲ ಇಳಿಜಾರು.

ಮ್ಯಾನೇಜರ ಅಡುಗೆಮನೆಯಲ್ಲಿ ಅಧಿಕಾರಿ ಒಂದು ಸಣ್ಣ ಯಂತ್ರವನ್ನು ಗೋಡೆಯುದ್ದಕ್ಕೂ ಆಡಿಸಿದರು. ಯಂತ್ರ ಕಮಕ್ ಕಿಮಕ್ ಎನ್ನಲಿಲ್ಲ.

“ಗ್ಯಾಸ್ ಇಲ್ವಲ್ಲ ಸಾರ್. ಸದ್ದು ಗೋಡೆ ಆಚೆಯಿಂದ ಬರ್ತಿದೆ. ಆಚೆ ಮನೆ ಯಾರದು?”

ಆಗ ನನಗೆ ಹೊಳೆಯಿತು. ಹೊಳೆದ ರೀತಿಯನ್ನು ಹೇಳಲು ಮಾತು ಸಾಲದು. ಅಂಗಾಲಿನಿಂದ ಹೊರಟ ಚಳಿಯೊಂದು ನಿಧಾನವಾಗಿ ಮೆಟ್ಟಿಲು ಹತ್ತಿ ನೆತ್ತಿಯವರೆಗೆ ಬಂತು.

“ನನ್ನದು” ಎಂದೆ. ದನಿ ಚೆಂಡಿನೊಳಗಿಂದ ಬಂದ ಹಾಗಿತ್ತು.

“ಆ ಕಡೆ ಯಾವ ಕೋಣೆ?”

“ಮಲಗೋ ಕೋಣೆ. ಅಲ್ಲಿ ಗ್ಯಾಸಿನ ಪೈಪು ಹಾದುಹೋಗಲ್ಲ ಸಾರ್. ಅಲ್ಲೇನೂ ಇಲ್ಲ. ಬರೀ ನಿದ್ದೆ.”

ಅಷ್ಟರಲ್ಲಿ ಅವರು ನಮ್ಮ ಮನೆಯೊಳಗೆ ಹೊಕ್ಕಾಗಿತ್ತು. ಸದ್ದು ಹಿಡಿದು ನೇರವಾಗಿ ಮಂಚದ ಹಿಂದೆ ಹೋಗಿ ಕಂಬಳಿ ಎತ್ತಿದರು. ಎರಡೂ ಕಡೆ ಮುಚ್ಚಿದ ಕಬ್ಬಿಣದ ಪೈಪು, ಮೇಲೊಂದು ವಾಲ್ವು, ಒಳಗಿಂದ ಬುಸುಗುಡುವ ಸದ್ದು. ಅಧಿಕಾರಿ ಕಂಬಳಿಯನ್ನು ಮೆಲ್ಲಗೆ, ಮಲಗಿದ ಮಗುವಿಗೆ ಹೊದಿಸುವಂತೆ, ಮತ್ತೆ ಹೊದಿಸಿದರು. ಅವರ ಹಿಂದಿದ್ದ ಇಬ್ಬರು ಸಿಬ್ಬಂದಿ ಸದ್ದಿಲ್ಲದೆ ಹಜಾರಕ್ಕೆ ಹೋಗಿದ್ದರು.

“ಸಾರ್, ಇದೇನು?”

ನಾನು ಕಂಬಳಿಯ ಅಂಚನ್ನು ಇನ್ನಷ್ಟು ಕೆಳಗೆಳೆದೆ. ನನ್ನ ಮುಖ ನೋಡಿ ಅವರ ಅನುಮಾನ ಹೆಚ್ಚಿತು. ಕಿಟಕಿಗೆ ಹೋಗಿ ಅಂಗಳಕ್ಕೆ ಕೂಗಿದರು.

“ಈ ಮನೆಯವರು ಯಾರಾದ್ರೂ ಕೆಳಗಿದೀರಾ? ಮಂಚದ ಹಿಂದೆ ಒಂದು ಪೈಪಿದೆ. ಅದೇನು ಅಂತ ಗೊತ್ತಾ?”

ಕೆಳಗಿನಿಂದ ಅತ್ತೆಯ ಸ್ಪಷ್ಟವಾದ, ಸಮಾಧಾನದ ದನಿ ಕೇಳಿತು.

“ಗೊತ್ತು. ನೀವಾಗಿ ಕೇಳಿದ್ರಿ, ಅದಕ್ಕೆ ಹೇಳ್ತೀನಿ. ಅದು ನಮ್ಮ ಅಳಿಯಂದಿರದ್ದು. ಒಳಗೆ ಸತ್ತ ಚೆಂಡಿವೆ. ಬದುಕಿಸ್ತಿದ್ದಾರೆ.”

ಮೊದಲು ನಕ್ಕವರು ಮ್ಯಾನೇಜರು. ಆಮೇಲೆ ಟೈಲರಮ್ಮ. ಆಮೇಲೆ ಯಾರು ಯಾರೆಂದು ಲೆಕ್ಕ ಸಿಗಲಿಲ್ಲ. ವಕೀಲರು ಫೈಲು ಕೆಳಗಿಟ್ಟು ಎರಡೂ ಕೆನ್ನೆಯಿಂದ ನಕ್ಕರು.

ಪೈಪನ್ನು ನಾನೇ ಎತ್ತಿಕೊಂಡು ಕೆಳಗೆ ತಂದೆ. ಇಷ್ಟಾದ ಮೇಲೆ ಅದನ್ನು ತೆರೆದು ತೋರಿಸದೆ ವಿಧಿಯಿರಲಿಲ್ಲ. ಅಧಿಕಾರಿ “ಮೊದಲು ಗಾಳಿ ಪೂರ್ತಿ ಬಿಡಿ ಸಾರ್” ಎಂದರು. ನಾನು ವಾಲ್ವಿನ ಸೂಜಿ ಒತ್ತಿ ಹಿಡಿದೆ. ಸ್ವಲ್ಪ ಗಾಳಿ ಹೋಯಿತು. ಎಲ್ಲರ ನಗು ಕೇಳುತ್ತ ಉಳಿದ ಗಾಳಿಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಪೈಪಿನ ಬಾಯನ್ನು ಖಾಲಿ ಗೋಡೆಯ ಕಡೆ ತಿರುಗಿಸಿ ಮುಚ್ಚಳ ಬಿಚ್ಚತೊಡಗಿದೆ. ಕೊನೆಯ ಸುತ್ತನ್ನು ಅದು ನನಗೆ ಬಿಡದೆ ತಾನೇ ತಿರುಗಿಕೊಂಡಿತು.

ಢಮ್ ಎಂದಿತು. ಮುಚ್ಚಳ ಹೂವಿನ ಪಾತಿಗೆ ಹೋಗಿ ಹೂತುಕೊಂಡಿತು. ಅದರ ಹಿಂದೆಯೇ ಚೆಂಡುಗಳು, ಶಾಲೆ ಬಿಟ್ಟ ಮಕ್ಕಳಂತೆ, ಒಂದರ ಮೇಲೊಂದು ನುಗ್ಗಿದವು. ಒಂದು ಗೋಡೆಗೆ ಬಡಿದು ತಿರುಗಿ ಬಂದು ಫೈರ್ ಇಂಜಿನ್ನಿನ ಗಂಟೆಗೆ ತಗುಲಿ ಠಣ್ ಎನ್ನಿಸಿತು. ಇನ್ನೊಂದು ಕಾಂಕ್ರೀಟಿನ ಮೇಲೆ ಬಿದ್ದು ಮೊದಲ ಮಹಡಿಯ ಬಾಲ್ಕನಿಯವರೆಗೆ ಏರಿತು, ಇಳಿಯಿತು, ಮತ್ತೆ ಏರಿತು. ಅಪಾರ್ಟ್‌ಮೆಂಟಿನ ಅಷ್ಟೂ ತಲೆಗಳು ಅದರೊಂದಿಗೆ ಮೇಲೆ ಹೋದವು, ಕೆಳಗೆ ಬಂದವು.

ಮಾನ ಹೋಗಿತ್ತು, ಸೋರಿಕೆ ತಜ್ಞನ ಪದವಿ ಹೋಗಿತ್ತು. ಆದರೂ ನನ್ನ ಬಾಯಿಂದ ಹೊರಟಿದ್ದು ಒಂದೇ ಮಾತು.

“ಪುಟೀತು!”

ಆ ಹೊತ್ತಿಗೆ ಸರಿಯಾಗಿ ನನ್ನ ಹೆಂಡತಿ ಗೇಟಿನೊಳಗೆ ಕಾಲಿಟ್ಟಳು. ಕಣ್ಣೆದುರು ಫೈರ್ ಇಂಜಿನ್, ಟವೆಲ್ಲಿನಲ್ಲಿ ಮ್ಯಾನೇಜರು, ಪೈಪು ಹಿಡಿದು ಕುಣಿಯುತ್ತಿರುವ ಗಂಡ, ತನ್ನತ್ತಲೇ ಹಾರಿ ಬರುತ್ತಿರುವ ಹಳದಿ ಚೆಂಡು. ಅವಳು ಹೆಗಲ ಚೀಲ ಕೆಳಗಿಡದೆ ಒಂದೇ ಕೈಯಲ್ಲಿ ಅದನ್ನು ಹಿಡಿದಳು. ಹೆಬ್ಬೆರಳಿನಿಂದ ಒತ್ತಿ ನೋಡಿದಳು.

“ಗಟ್ಟಿಯಾಗಿದೆ” ಎಂದಳು. ನಾನು ನಿರೀಕ್ಷಿಸಿದ್ದ ಸಂತೋಷ ಆ ದನಿಯಲ್ಲಿ ಇರಲಿಲ್ಲ. ಅಯ್ಯೋ ಪಾಪ ಎಂಬ ಛಾಯೆ ಇತ್ತು.

ಅಧಿಕಾರಿ ಟೋಪಿ ತೆಗೆದು ತಲೆ ಕೆರೆದುಕೊಂಡರು.

“ಮೇಡಂ, ಈಗ ನಾನು ರಿಪೋರ್ಟಲ್ಲಿ ಏನಂತ ಬರೀಲಿ?”

“ಸೋರಿಕೆ ಪತ್ತೆ ವಿಭಾಗದವರ ಮನೇಲಿ ಸೋರಿಕೆ ಪತ್ತೆ ಆಯ್ತು ಅಂತ ಬರೀರಿ” ಎಂದಳು. ಅಧಿಕಾರಿ ನಗುತ್ತ ಇಂಜಿನ್ ಹತ್ತಿದವರು ಮತ್ತೆ ಇಳಿದು ಬಂದು, ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು. “ಸಾರ್, ನಮ್ಮ ಸ್ಟೇಷನ್ನಲ್ಲೂ ಹಳೇ ಚೆಂಡು ತುಂಬಾ ಇವೆ. ಈ ಪೈಪು ಎಲ್ಲಿ ಸಿಗುತ್ತೆ?”

ಆ ಒಂದು ಪ್ರಶ್ನೆ ನನ್ನನ್ನು ಮತ್ತೆ ಉಬ್ಬಿಸಿತು. ರಾತ್ರಿ ಊಟದ ಹೊತ್ತಿಗೆ, ಆಗಿದ್ದೆಲ್ಲ ವಿಜ್ಞಾನಕ್ಕೆ ತೆತ್ತ ಬೆಲೆ ಎಂದು ತೀರ್ಮಾನಿಸಿದ್ದೆ.

ಭಾನುವಾರ ಕೋರ್ಟಿನ ಸುತ್ತ ಎಂದೂ ಇರದ ಜನ. ಚೆಂಡು ಹೇಗೆ ಬದುಕಿದೆ ಎಂದು ನೋಡಲು ಮನೆಮನೆಯವರೂ ಕುರ್ಚಿ ಸಮೇತ ಬಂದಿದ್ದರು. ಮ್ಯಾನೇಜರು ತಲೆಯನ್ನು ಚೆನ್ನಾಗಿ ತೊಳೆದುಕೊಂಡು, ಒರೆಸಿಕೊಂಡು, ಎಂದಿಲ್ಲದ ಹುರುಪಿನಲ್ಲಿ ಬಂದರು. ಮೊದಲ ಸರ್ವಿಸ್ ಅವರದು. ನಾನು ಎಂದಿನಂತೆ ಚೆಂಡು ಬಿದ್ದು ಎದ್ದು ಸೊಂಟದ ಮಟ್ಟಕ್ಕೆ ಬಂದು ನಿಲ್ಲಲಿ ಎಂದು ಕಾದೆ. ಅದು ನಿಲ್ಲಲಿಲ್ಲ. ಸೊಂಟ ದಾಟಿತು, ಭುಜ ದಾಟಿತು, ನನ್ನ ಕಣ್ಣೆದುರೇ ನನ್ನ ತಲೆಯ ಮೇಲಿಂದ ಹೊರಟುಹೋಯಿತು. ನಾನು ರಾಕೆಟ್ಟು ಬೀಸುವಷ್ಟರಲ್ಲಿ ಅದು ಹಿಂದಿನ ಬೇಲಿಗೆ ತಾಗಿ ವಾಪಸ್ಸು ಬಂದು ನನ್ನ ಬೆನ್ನಿಗೆ ಬಡಿಯಿತು.

ಎರಡನೆಯದಕ್ಕೆ ಬುದ್ಧಿವಂತನಾಗಿ ಹಿಂದೆ ಸರಿದು ನಿಂತೆ. ಅದು ನೆಟ್ಟಿನ ಬಳಿಯೇ ಬಿದ್ದು ಪಕ್ಕಕ್ಕೆ ಹಾರಿತು. ಮೂರನೆಯದಕ್ಕೆ ಮುಂದೆ ಓಡಿದೆ. ಅದು ಹೊಟ್ಟೆಗೆ ಬಂದು ತಾಗಿತು. ನನ್ನ ಹೆಂಡತಿ ತನ್ನ ಪಾಲಿನ ಜಾಗವನ್ನೂ ನನ್ನ ಪಾಲಿನ ಜಾಗವನ್ನೂ ಒಬ್ಬಳೇ ಓಡಿ ಓಡಿ ಆಡಿದಳು. ಒಂದೆರಡು ಸಲ ನನ್ನನ್ನೇ ಸುತ್ತುಹಾಕಿ ಓಡಬೇಕಾಯಿತು. ನನ್ನ ರಾಕೆಟ್ಟಿಗೆ ಚೆಂಡು ತಾಗಿದ್ದು ಒಂದೇ ಒಂದು ಬಾರಿ. ಅದು ಕೋರ್ಟು, ಕಾಂಪೌಂಡು ಎರಡನ್ನೂ ದಾಟಿ ಹೋಯಿತು. ಈವರೆಗೆ ಸಿಕ್ಕಿಲ್ಲ. ನಾವು ಹೀನಾಯವಾಗಿ ಸೋತೆವು.

“ಚೆಂಡಂತೂ ಫಸ್ಟ್ ಕ್ಲಾಸು ಇಂಜಿನಿಯರ್ರೇ” ಎಂದು ಮ್ಯಾನೇಜರು ಕೈಕುಲುಕಿದರು. “ಅದಕ್ಕೆ ಹೊಡೆದ ಗಾಳೀಲಿ ಒಂದಿಷ್ಟನ್ನ ನಿಮ್ಮ ಕಾಲಿಗೂ ಹೊಡ್ಕೋಬೇಕಿತ್ತು.”

ಮನೆಗೆ ಬಂದು ಸೋಫಾದ ಮೇಲೆ ಕುಸಿದೆ. ಹೆಂಡತಿ ಪಕ್ಕ ಕುಳಿತು, ನನ್ನ ಬೆನ್ನಿನ ಮೇಲೆ ಚೆಂಡು ಬಿದ್ದ ಜಾಗಕ್ಕೆ ಮುಲಾಮು ತಿಕ್ಕತೊಡಗಿದಳು.

“ನಂಗೆ ಅರ್ಥ ಆಗ್ತಿಲ್ಲ” ಎಂದೆ. “ಇಷ್ಟು ತಿಂಗಳು ನಾನು ಎಷ್ಟು ಚೆನ್ನಾಗಿ ಆಡ್ತಿದ್ದೆ.”

ತಿಕ್ಕುತ್ತಿದ್ದ ಕೈ ನಿಂತಿತು.

“ಬೇಜಾರು ಮಾಡ್ಕೊಳ್ಳಲ್ಲ ಅಂದ್ರೆ ಒಂದು ಹೇಳ್ತೀನಿ. ನಾವು ಆಡೋಕೆ ಶುರು ಮಾಡಿದಾಗ ಹೊಸ ಚೆಂಡು ತಂದಿದ್ದೆ. ನೆನಪಿದೆಯಾ? ನಿಮಗೆ ಒಂದೂ ಸಿಗ್ತಿರ್ಲಿಲ್ಲ. ಮನೆಗೆ ಬಂದು ಸಂಜೆ ತನಕ ಮಾತಾಡ್ತಿರ್ಲಿಲ್ಲ. ಇನ್ನು ಆಡೋದೇ ಬೇಡ ಅಂತ ರಾಕೆಟ್ಟನ್ನ ಅಟ್ಟಕ್ಕೂ ಹಾಕಿದ್ರಿ. ನಂಗೆ ವಾರಕ್ಕೆ ಸಿಗೋದೇ ಒಂದು ಭಾನುವಾರ. ನೀವಿಲ್ದೆ ಅಲ್ಲಿ ಹೋಗಿ ನಾನೇನು ಮಾಡ್ಲಿ?”

“ಅದಕ್ಕೆ?”

“ಅದಕ್ಕೆ ಚೆಂಡು ತಂದ ಕೂಡ್ಲೇ ಆಸ್ಪತ್ರೆಗೆ ತಗೊಂಡು ಹೋಗ್ತಿದ್ದೆ. ಕೈ ಮುರಿದು ಪ್ಲಾಸ್ಟರ್ ತೆಗೆಸ್ಕೊಂಡವರಿಗೆ ಹಿಡಿತ ಬರ್ಲಿ ಅಂತ ಚೆಂಡು ಹಿಚುಕೋ ವ್ಯಾಯಾಮ ಕೊಡ್ತೀವಲ್ಲ, ಅವರಿಗೆ ಕೊಟ್ಟು ಚೆನ್ನಾಗಿ ಹಿಚುಕಿಸ್ತಿದ್ದೆ. ತಿಂಗಳುಗಟ್ಟಲೆ ಹಿಚುಕಿ ಸುಸ್ತಾಗಿ ಮೆತ್ತಗಾದ ಮೇಲೇನೇ ಮನೆಗೆ ತರ್ತಿದ್ದೆ.”

ನಾನು ಬಾಯಿ ತೆರೆದೆ. ಗಾಳಿ ಮಾತ್ರ ಹೊರಬಂತು. ನನ್ನ ಪ್ರತಿಭೆ, ನನ್ನ ಗೆಲುವುಗಳು, ಕುಶಲ ವಿಚಾರಿಸಿ ಹೊಡೆದ ನನ್ನ ಹೊಡೆತಗಳು ಎಲ್ಲವೂ ಮೂಳೆ ವಾರ್ಡಿನ ರೋಗಿಗಳು ಕೂಡಿ ನನಗೆ ಮಾಡಿದ ಉಪಕಾರವಾಗಿದ್ದವು. ಅವಳ ಮುಖ ನೋಡಿದೆ. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು. ಮೊದಲು ನಾನೇ ನಕ್ಕೆ. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನಗೆ ಹೊಟ್ಟೆ ಹಿಡಿದುಕೊಳ್ಳಲು ಚೆಂಡು ಬಿದ್ದ ಕಾರಣವೂ ಇತ್ತು.

“ಮುಂದಿನ ಭಾನುವಾರ ಏನು ಮಾಡೋಣ?” ಎಂದೆ.

“ಯೋಚನೆ ಮಾಡ್ಬೇಡಿ” ಎನ್ನುತ್ತ ಅವಳು ಉಳಿದ ನಾಲ್ಕು ಚೆಂಡುಗಳನ್ನು ಆಸ್ಪತ್ರೆಯ ಚೀಲಕ್ಕೆ ಹಾಕಿಕೊಂಡಳು. “ಮೊನ್ನೆ ತಾನೇ ಹೊಸದಾಗಿ ಒಬ್ಬ ಪೈಲ್ವಾನರು ಬಂದಿದ್ದಾರೆ, ಮಣಿಕಟ್ಟು ಸರಿಯಿಲ್ಲ. ಅವರ ಕೈಗೆ ಕೊಟ್ರೆ ಶುಕ್ರವಾರದೊಳಗೆ ಇವು ನಿಮ್ಮ ಮಟ್ಟಕ್ಕೆ ಇಳೀತವೆ.”